ವಾರಂಟಿ ಮುಗಿದ ಮೇಲೆ ಎಂಜಿನ್ ಕೈಕೊಟ್ಟರೆ

ಯಡಿಯೂರು ದಾಟಿ ಬೆಳ್ಳೂರು ಕ್ರಾಸಿನ ಕಡೆಗೆ ಹೋಗುತ್ತಿದ್ದಾಗ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿಕೊಂಡಿತು. ಹೆದ್ದಾರಿಯಲ್ಲಿ ಎಡಕ್ಕೆ ಸರಿದು ನಿಲ್ಲಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಷ್ಟರೊಳಗೆ ಬಾನೆಟ್ಟಿನ ಒಳಗಿನಿಂದ ಕಲ್ಲು ಕುಟ್ಟಿದಂಥ ಸದ್ದು ನಾಲ್ಕೈದು ಸಲ ಕೇಳಿಸಿತು, ಆಮೇಲೆ ಎಲ್ಲವೂ ನಿಂತುಹೋಯಿತು. ಡಿಪ್‌ಸ್ಟಿಕ್ ಎಳೆದು ನೋಡಿದೆ. ಎಣ್ಣೆ ಎರಡು ಗುರುತುಗಳ ನಡುವೆಯೇ ಇತ್ತು. ಹಿಂದಿನ ಸೀಟಿನಲ್ಲಿದ್ದ ಅಮ್ಮ, 'ಎಣ್ಣೆ ಇದ್ದರೂ ದೀಪ ಯಾಕೆ ಹತ್ತಿತು?' ಎಂದು ಕೇಳಿದರು. ಮುಂದಿನ ಏಳು ವಾರಗಳ ಕಾಲ ನಾನು ಕಂಪನಿಗೆ ಕೇಳಿದ್ದೂ ಅದೇ ಪ್ರಶ್ನೆಯನ್ನು.

ಕಾರಿಗೆ ನಾಲ್ಕು ವರ್ಷ ಎರಡು ತಿಂಗಳಾಗಿತ್ತು, 61,000 ಕಿ.ಮೀ. ಓಡಿತ್ತು. ಮೂರು ವರ್ಷದ ವಾರಂಟಿ ಮುಗಿದಿತ್ತು. ವಿಸ್ತರಿತ ವಾರಂಟಿಯನ್ನು ನಾವು ಕೊಂಡಿರಲಿಲ್ಲ. ಸರ್ವಿಸ್ ಸೆಂಟರಿನವರು ಎಂಜಿನ್ ಸೀಜ್ ಆಗಿದೆ, ಅಂದರೆ ಒಳಗಿನ ಭಾಗಗಳು ಅಂಟಿಕೊಂಡು ತಿರುಗದಂತಾಗಿವೆ ಎಂದು ಹೇಳಿ 2,10,000 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಕಂಪನಿ ಏನಾದರೂ ಭರಿಸುತ್ತದೆಯೇ ಎಂದು ಕೇಳಿದ್ದಕ್ಕೆ ಸರ್ವಿಸ್ ಅಡ್ವೈಸರ್ ಸೌಜನ್ಯದಿಂದಲೇ, 'ವಾರಂಟಿ ಮುಗಿದಿದೆಯಲ್ಲ ಸರ್, ಇನ್ನು ಏನೂ ಮಾಡಲಾಗುವುದಿಲ್ಲ' ಎಂದರು. ಈ ಮಾತು ಕೇಳಿ ಹಣ ಹೊಂದಿಸಿಕೊಂಡು ಸುಮ್ಮನಾಗುವ ಕುಟುಂಬಗಳು ಎಷ್ಟೋ ಇವೆ. ಆದರೆ ಆ ಮಾತಿನ ಮೊದಲರ್ಧ ಮಾತ್ರ ಸರಿ.

ವಾರಂಟಿ ಎಂದರೆ ಇಷ್ಟು ಅವಧಿಯೊಳಗೆ ಇಂತಿಂಥ ಭಾಗ ಕೆಟ್ಟರೆ ತಕರಾರಿಲ್ಲದೆ ಸರಿಪಡಿಸಿಕೊಡುತ್ತೇವೆ ಎಂದು ತಯಾರಕರು ಬರೆದುಕೊಟ್ಟ ಮಾತು. ಅವಧಿ ಮುಗಿದರೆ 'ತಕರಾರಿಲ್ಲದೆ' ಎಂಬುದು ಹೋಗುತ್ತದೆ. ಕಾರ್ಖಾನೆಯಿಂದ ಹೊರಬರುವಾಗಲೇ ಎಂಜಿನ್ನಿನಲ್ಲಿ ದೋಷವಿದ್ದು, ಅದು ನಾಲ್ಕು ವರ್ಷ ಅಡಗಿ ಕುಳಿತಿದ್ದರೆ, ಆ ದೋಷ ವಾರಂಟಿಯ ಕೊನೆಯ ದಿನ ಗ್ರಾಹಕನ ಸ್ವತ್ತಾಗಿಬಿಡುವುದಿಲ್ಲ. ಬದಲಾಗುವುದು ರುಜುವಾತಿನ ಭಾರ. ಅವಧಿಯೊಳಗೆ ಕೆಟ್ಟರೆ ನಿಮ್ಮ ತಪ್ಪೆಂದು ಕಂಪನಿ ತೋರಿಸಬೇಕು, ಅವಧಿ ಮೀರಿ ಕೆಟ್ಟರೆ ಅವರ ದೋಷವೆಂದು ನೀವು ತೋರಿಸಬೇಕು. ತೋರಿಸಬೇಕಾದ ಸಾಕ್ಷ್ಯ ಮಾತ್ರ ಅವರ ವರ್ಕ್‌ಶಾಪಿನಲ್ಲಿ, ಅವರ ಸ್ಪ್ಯಾನರಿನ ಕೆಳಗೆ ಇರುತ್ತದೆ. ಇಡೀ ಸಮಸ್ಯೆಯ ತಿರುಳು ಇದೇ.

ಎಂಜಿನ್ ಹೇಗೆ ಸಾಯುತ್ತದೆ ಎಂಬುದು ಸ್ವಲ್ಪ ಗೊತ್ತಿದ್ದರೆ ಇದು ಸ್ಪಷ್ಟವಾಗುತ್ತದೆ. ಪಿಸ್ಟನ್ನಿನ ಕೆಳಗಿನ ಕನೆಕ್ಟಿಂಗ್ ರಾಡ್, ಎಂಜಿನ್ನಿನ ಮುಖ್ಯ ತಿರುಗು ಅಚ್ಚಾದ ಕ್ರ್ಯಾಂಕ್ ಶಾಫ್ಟನ್ನು ಹಿಡಿದುಕೊಳ್ಳುವ ಜಾಗದಲ್ಲಿ ಅರ್ಧಚಂದ್ರಾಕಾರದ ಎರಡು ತೆಳು ಬೇರಿಂಗ್ ಚಿಪ್ಪುಗಳಿರುತ್ತವೆ. ಚಿಪ್ಪಿಗೂ ಶಾಫ್ಟಿಗೂ ನಡುವಿನ ಅಂತರ ಒಂದು ಮಿಲಿಮೀಟರಿನ ನೂರನೇ ಕೆಲವು ಪಾಲು ಮಾತ್ರ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆ ಕಿರಿದಾದ ಸಂದಿಯಲ್ಲಿ ಒತ್ತಡದಿಂದ ನುಗ್ಗುವ ಎಣ್ಣೆಯ ಪದರವೇ ಲೋಹ ಲೋಹಕ್ಕೆ ತಾಗದಂತೆ ಕಾಯುತ್ತದೆ. ಪಂಪು ಸೋತರೆ, ಎಣ್ಣೆ ಹೀರುವ ಜಾಲರಿ ಕಟ್ಟಿಕೊಂಡರೆ, ಶಾಫ್ಟಿನೊಳಗಿನ ಎಣ್ಣೆದಾರಿಯಲ್ಲಿ ಕಾರ್ಖಾನೆಯ ಲೋಹದ ಚೂರು ಉಳಿದಿದ್ದರೆ ಆ ಪದರ ಒಡೆಯುತ್ತದೆ. ಚಿಪ್ಪು ಕ್ಷಣಗಳಲ್ಲಿ ಕಾದು, ಕರಗಿ, ಶಾಫ್ಟಿಗೆ ಅಂಟಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು 'ಎಂಜಿನ್ ಹಿಡಿದುಕೊಂಡಿದೆ' ಎನ್ನುವುದು ಇದಕ್ಕೇ. ಅಮ್ಮನ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಆ ಕೆಂಪು ದೀಪ ಎಣ್ಣೆಯ ಪ್ರಮಾಣವನ್ನಲ್ಲ, ಒತ್ತಡವನ್ನು ಹೇಳುತ್ತದೆ. ದೀಪ ಹೊತ್ತಿದ ಮೇಲೂ ಹತ್ತು ಕಿಲೋಮೀಟರ್ ಓಡಿಸಿದರೆ ತಪ್ಪು ಓಡಿಸಿದವರದು. ಹಾಗೆ ಓಡಿಸಿದವರ ದೂರಿಗೆ ಯಾವ ನ್ಯಾಯಪೀಠವೂ ಕಿವಿಗೊಡುವುದಿಲ್ಲ.

ಬಿಚ್ಚಿದ ಎಂಜಿನ್ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮೇಲಿನ ವಾಲ್ವ್ ಕವರ್ ತೆಗೆದಾಗ ಒಳಗೆಲ್ಲ ಕಪ್ಪು ಜಿಗುಟು ಮೆತ್ತಿಕೊಂಡಿದ್ದರೆ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಿಲ್ಲ ಎಂದೇ ಅನುಭವಿಗಳು ಓದುತ್ತಾರೆ. ಮೇಲ್ಭಾಗ ಸ್ವಚ್ಛವಾಗಿದ್ದು, ನಾಲ್ಕರಲ್ಲಿ ಒಂದೇ ಸಿಲಿಂಡರಿನ ಬೇರಿಂಗ್ ಸುಟ್ಟು ಉಳಿದ ಮೂರು ನೆಟ್ಟಗಿದ್ದರೆ ಸಂಶಯ ಆ ಒಂದು ಜಾಗದ ಜೋಡಣೆ ಅಥವಾ ಎಣ್ಣೆದಾರಿಯ ಕಡೆಗೆ ತಿರುಗುತ್ತದೆ. ಹಾಗಾಗಿ ಎಂಜಿನ್ ಬಿಚ್ಚುವ ದಿನವೇ ಈ ಹೋರಾಟದ ಅತಿ ಮುಖ್ಯ ದಿನ. ಅಂದು ನೀವು ಅಲ್ಲಿರಬೇಕು. ನಾನು ರಜೆ ಹಾಕಿ ಹೋಗಿದ್ದೆ. ಎಂಜಿನ್ನಿನ ಅಡಿಯ ಎಣ್ಣೆ ತಟ್ಟೆಯಾದ ಸಂಪ್ ಇಳಿಸಿದಾಗ ತಳದ ಎಣ್ಣೆಯಲ್ಲಿ ತಾಮ್ರದ ಬಣ್ಣದ ಹೊಳೆಯುವ ಪುಡಿ ಕಂಡಿತು. ಮೂರನೆಯ ಸಿಲಿಂಡರಿನ ಚಿಪ್ಪು ಹಪ್ಪಳದಂತೆ ಸುಕ್ಕುಗಟ್ಟಿ ಹೊರಬಂದಿತು. ಅದರ ಪಕ್ಕದ್ದು ಕನ್ನಡಿಯಂತೆ ನುಣ್ಣಗಿತ್ತು. ಕಿಲೋಮೀಟರ್ ಮೀಟರಿನಿಂದ ಹಿಡಿದು ಎಂಜಿನ್ ಸಂಖ್ಯೆಯವರೆಗೆ, ಪ್ರತಿ ಭಾಗ ಕಳಚುವ ಮುನ್ನ ಮತ್ತು ಕಳಚಿದ ಮೇಲೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ.

ಅದಕ್ಕೂ ಮುಂಚೆ ಜಾಬ್ ಕಾರ್ಡ್ ಇದೆ. ಗಾಡಿ ಒಳಗೆ ಬಿಟ್ಟಾಗ ಗ್ರಾಹಕರ ದೂರು ಎಂಬ ಕಡೆ ನಮ್ಮ ಕಾರ್ಡಿನಲ್ಲಿ 'ಎಂಜಿನ್ ಓವರ್‌ಹಾಲ್' ಎಂದು ಬರೆದಿದ್ದರು. ಅದು ದೂರಲ್ಲ, ಕೆಲಸದ ಹೆಸರು. ಮುಂದೆ ಆ ಕಾಗದ ನೋಡಿದವರಿಗೆ ಹಳೆಯ ಎಂಜಿನ್ನಿಗೆ ಮಾಲೀಕನೇ ರಿಪೇರಿ ಮಾಡಿಸಿದ ಎಂದೇ ಅನಿಸುತ್ತದೆ. ಅದನ್ನು ಹೊಡೆದುಹಾಕಿಸಿ, 'ಚಾಲನೆಯಲ್ಲಿದ್ದಾಗ ಆಯಿಲ್ ಪ್ರೆಶರ್ ದೀಪ ಹೊತ್ತಿತು, ತಕ್ಷಣ ನಿಲ್ಲಿಸಲಾಯಿತು, ಎಣ್ಣೆಯ ಮಟ್ಟ ಸರಿಯಾಗಿತ್ತು, ಎಂಜಿನ್ ಸೀಜ್ ಆಯಿತು' ಎಂದು ಬರೆಸಿದೆ. ಸ್ಕ್ಯಾನರ್ ಹಾಕಿದಾಗ ಬಂದ ದೋಷ ಸಂಕೇತಗಳ ಮುದ್ರಿತ ಪ್ರತಿಯನ್ನೂ ಕೇಳಿ ಪಡೆಯಬೇಕು. ಕಾರಿನ ಕಂಪ್ಯೂಟರ್ ದೋಷ ಕಂಡ ಗಳಿಗೆಯ ವೇಗ, ತಾಪ, ಎಂಜಿನ್ನಿನ ಸುತ್ತುಗಳ ಲೆಕ್ಕವನ್ನು ಹಿಡಿದಿಟ್ಟಿರುತ್ತದೆ. ಸಂಕೇತ ಅಳಿಸಿದರೆ ಅದೂ ಅಳಿಯುತ್ತದೆ. ಸ್ವಲ್ಪ ಎಣ್ಣೆಯನ್ನು ಶುದ್ಧ ಬಾಟಲಿಯಲ್ಲಿ ತುಂಬಿಸಿ ಸೀಲ್ ಮಾಡಿಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ. ಬದಲಿಸಿದ ಹಳೆಯ ಭಾಗಗಳು ನಿಮ್ಮವು, ಬಿಟ್ಟು ಬರಬೇಡಿ. ಕಂಪನಿಯೇ ನೆರವಾಗಿ ಹೊಸ ಭಾಗ ಕೊಟ್ಟರೆ ಹಳೆಯದನ್ನು ಪರೀಕ್ಷೆಗೆ ಕೇಳುವುದುಂಟು. ಆಗ ಏನೇನು ಒಪ್ಪಿಸಿದಿರಿ ಎಂಬುದಕ್ಕೆ ರಸೀತಿ ಇರಲಿ.

ಈಗ ಕಂಪನಿಯ ಬಾಗಿಲಿಗೆ ಬರೋಣ. ವಾರಂಟಿ ಮುಗಿದ ಮೇಲೆ ತಯಾರಕರು ವೆಚ್ಚದ ಒಂದು ಪಾಲನ್ನು ಭರಿಸುವುದಕ್ಕೆ ಈ ಉದ್ಯಮದಲ್ಲಿ 'ಗುಡ್‌ವಿಲ್' ಎನ್ನುತ್ತಾರೆ. ಇದು ಪ್ರಪಂಚದ ಎಲ್ಲ ಕಡೆ ಇರುವ ರೂಢಿ, ಕಾನೂನಿನ ಹಕ್ಕಲ್ಲ. ಜಾಹೀರಾತಿನಲ್ಲಿ ಬರುವುದಿಲ್ಲ, ಕೇಳದವರಿಗೆ ಸಿಗುವುದಿಲ್ಲ. ಸಾಮಾನ್ಯವಾಗಿ ನೋಡುವುದು ವಾರಂಟಿ ಮುಗಿದು ಎಷ್ಟು ದಿನವಾಯಿತು, ಎಷ್ಟು ಓಡಿದೆ, ಸರ್ವಿಸ್‌ಗಳು ಅಧಿಕೃತ ಕೇಂದ್ರದಲ್ಲಿ ಸಕಾಲಕ್ಕೆ ಆಗಿವೆಯೇ, ಅದೇ ಎಂಜಿನ್ನಿನಲ್ಲಿ ಇಂಥದ್ದೇ ದೂರು ಬೇರೆಡೆ ಬಂದಿದೆಯೇ ಎಂಬುದನ್ನು. ಬಿಡಿಭಾಗದ ವೆಚ್ಚದಲ್ಲಿ ಪಾಲು ಕೊಡಲು ಒಪ್ಪುವುದು ಸುಲಭ, ಕೂಲಿಗೆ ಒಪ್ಪುವುದು ಕಷ್ಟ. ನಿರ್ಧಾರ ಸರ್ವಿಸ್ ಅಡ್ವೈಸರಿನದೂ ಅಲ್ಲ, ಡೀಲರಿನದೂ ಅಲ್ಲ. ಆ ವಲಯಕ್ಕೆ ಕಂಪನಿ ನೇಮಿಸಿದ ಸರ್ವಿಸ್ ಅಧಿಕಾರಿ ಶಿಫಾರಸು ಮಾಡಬೇಕು, ಕೇಂದ್ರ ಕಚೇರಿ ಒಪ್ಪಬೇಕು. ಕೌಂಟರಿನಲ್ಲಿ ಸಿಕ್ಕ 'ಇಲ್ಲ' ಎಂಬ ಉತ್ತರಕ್ಕೆ ಅಷ್ಟೇ ಬೆಲೆ ಕೊಡಬೇಕು.

ಡೀಲರಿಗೆ ಬರೆದರೆ ಕಂಪನಿಗೆ ಬರೆದಂತಾಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಡೀಲರ್ ಮತ್ತು ತಯಾರಕರ ನಡುವಿನದು ಇಬ್ಬರು ಸ್ವತಂತ್ರ ವ್ಯಾಪಾರಿಗಳ ಸಂಬಂಧವೆಂದೂ, ಡೀಲರಿನ ಕೃತ್ಯ ತಯಾರಕರ ಅರಿವಿನಲ್ಲಿತ್ತೆಂದು ತೋರಿಸದೆ ಅವರನ್ನು ಹೊಣೆ ಮಾಡಲಾಗದೆಂದೂ ಸುಪ್ರೀಂ ಕೋರ್ಟ್ 2021ರಲ್ಲಿ ಟಾಟಾ ಮೋಟರ್ಸ್ ಪ್ರಕರಣವೊಂದರಲ್ಲಿ ಹೇಳಿತು. ಅದು ಹಳೆಯ ಕಾರನ್ನು ಹೊಸದೆಂದು ಮಾರಿದ ವಿಷಯ, ಎಂಜಿನ್ನಿನದಲ್ಲ. ಆದರೂ ಪಾಠ ಇಲ್ಲಿಗೂ ಸಲ್ಲುತ್ತದೆ. ತಯಾರಕರ ನೋಂದಾಯಿತ ಕಚೇರಿಗೆ ನೇರವಾಗಿ ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡೂ ಹೋಗಬೇಕು. ಪತ್ರದಲ್ಲಿ ಸಿಟ್ಟು ಬೇಡ, ಕರುಣೆಯ ಮೊರೆಯೂ ಬೇಡ. ಚಾಸಿ ಸಂಖ್ಯೆ, ಕೊಂಡ ದಿನ, ಓಡಿದ ಲೆಕ್ಕ, ಪ್ರತಿ ಸರ್ವಿಸ್ಸಿನ ದಿನಾಂಕ, ಕೆಟ್ಟ ರೀತಿ, ಬಿಚ್ಚಿದಾಗ ಕಂಡದ್ದು ಇವಿಷ್ಟು ಇರಲಿ. ಕೊನೆಯಲ್ಲಿ ಏನು ಬೇಕು ಎಂಬುದು ಒಂದೇ ವಾಕ್ಯದಲ್ಲಿರಲಿ. 'ಸೂಕ್ತ ಪರಿಹಾರ ಕೊಡಿ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಫ್ ಎಂಜಿನ್ (ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್ ಶಾಫ್ಟ್ ಇರುವ ಎಂಜಿನ್ನಿನ ಕೆಳಭಾಗ) ಮತ್ತು ಆಯಿಲ್ ಪಂಪಿನ ಪೂರ್ತಿ ವೆಚ್ಚ ಭರಿಸಿ ಎಂದರೆ ಮಾತುಕತೆಗೆ ಒಂದು ನೆಲೆ ಸಿಗುತ್ತದೆ. ವೈಫಲ್ಯದ ಕಾರಣವನ್ನು ಲಿಖಿತವಾಗಿ ತಿಳಿಸಿ ಎಂದೂ ಕೇಳಬೇಕು. ಕಾರಣ ಬರೆಯಲು ಹಿಂಜರಿಯುವ ಕಂಪನಿ ಪಾಲು ಕೊಡಲು ಅಷ್ಟು ಹಿಂಜರಿಯದಿರಬಹುದು.

ನಮ್ಮ ಕಡತದಲ್ಲೂ ಒಂದು ಹುಳುಕಿತ್ತು. 40,000 ಕಿ.ಮೀ. ಸರ್ವಿಸ್ಸನ್ನು 1,800 ಕಿ.ಮೀ. ತಡವಾಗಿ ಮಾಡಿಸಿದ್ದೆವು. ಕಂಪನಿಯ ಮೊದಲ ಉತ್ತರ ಪೂರ್ತಿ ಅದರ ಮೇಲೇ ನಿಂತಿತ್ತು. ನಾನು ಅದನ್ನು ಒಪ್ಪಿಕೊಂಡೇ ಮರುಉತ್ತರ ಬರೆದೆ. ತಡವಾದದ್ದು ನಿಜ, ಆದರೆ ಎಣ್ಣೆ ಹಳೆಯದಾಗಿ ಹಾಳಾದ ಎಂಜಿನ್ನಿನಲ್ಲಿ ನಾಲ್ಕೂ ಬೇರಿಂಗ್ ಸವೆದಿರಬೇಕಿತ್ತು, ಮೂರು ಹೊಸದರಂತಿವೆ, ಚಿತ್ರ ಲಗತ್ತಿಸಿದ್ದೇನೆ ಎಂದೆ. ತಪ್ಪನ್ನು ಮುಚ್ಚಿಟ್ಟಿದ್ದರೆ ಉಳಿದ ಮಾತಿಗೂ ಬೆಲೆ ಇರುತ್ತಿರಲಿಲ್ಲ.

ಗುಡ್‌ವಿಲ್ ಸಿಗದಿದ್ದರೆ ಕಾನೂನು ಏನು ಹೇಳುತ್ತದೆ? ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(10) 'ದೋಷ' ಎಂದರೆ ಏನೆಂದು ಹೇಳುವಾಗ, ಕಾನೂನಿನ ಪ್ರಕಾರ ಅಥವಾ ಒಪ್ಪಂದದ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿನ ಕೊರತೆ ಎನ್ನುತ್ತದೆ. ಆ ಒಪ್ಪಂದ ಬರೆದದ್ದೇ ಆಗಬೇಕಿಲ್ಲ, ವ್ಯವಹಾರದಲ್ಲಿ ಅಡಕವಾದದ್ದೂ ಆಗಬಹುದು. ಹತ್ತು ಲಕ್ಷ ಕೊಟ್ಟು ಕೊಂಡ ಕಾರಿನ ಎಂಜಿನ್ ಸಕಾಲಕ್ಕೆ ಸರ್ವಿಸ್ ಆದರೆ 61,000 ಕಿಲೋಮೀಟರಿಗೆ ಹಿಡಿದುಕೊಳ್ಳಬಾರದು ಎಂಬ ನಿರೀಕ್ಷೆ ಆ ವ್ಯವಹಾರದಲ್ಲಿ ಅಡಕವಾಗಿಲ್ಲವೇ? ವಾರಂಟಿ ಮುಗಿದವರ ವಾದ ನಿಲ್ಲಬೇಕಾದ ಜಾಗ ಇದು.

ಇಲ್ಲಿ ಒಂದು ಗುಂಡಿಯಿದೆ, ಅನೇಕರು ಬೀಳುತ್ತಾರೆ. ಅದೇ ಕಾಯ್ದೆ 'ಉತ್ಪನ್ನ ಹೊಣೆಗಾರಿಕೆ' ಎಂಬ ಹೊಸ ಅಧ್ಯಾಯವನ್ನು ತಂದಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ ಎಂಬ ಆಕರ್ಷಕ ಪದಗಳೆಲ್ಲ ಅಲ್ಲಿವೆ. ಆದರೆ ಆ ಅಧ್ಯಾಯ ಲೆಕ್ಕಕ್ಕೆ ತೆಗೆದುಕೊಳ್ಳುವ 'ಹಾನಿ'ಯಲ್ಲಿ ಆ ವಸ್ತುವಿಗೇ ಆದ ಹಾನಿ ಸೇರುವುದಿಲ್ಲ ಎಂದು ಸೆಕ್ಷನ್ 2(22) ಬಿಡಿಸಿ ಹೇಳಿದೆ. ಎಂಜಿನ್ ಒಡೆದು ನಿಮಗೆ ಗಾಯವಾದರೆ ಆ ಅಧ್ಯಾಯ ನೆರವಿಗೆ ಬರುತ್ತದೆ. ಎಂಜಿನ್ ಮಾತ್ರ ಹಾಳಾದರೆ ಬರುವುದಿಲ್ಲ. ಎಂಜಿನ್ನಿನ ವೆಚ್ಚ ಬೇಕಾದವರು 'ದೋಷ' ಮತ್ತು 'ಸೇವಾ ನ್ಯೂನತೆ'ಯ ಮೇಲೆ ದೂರು ಕಟ್ಟಿ, ಸೆಕ್ಷನ್ 39ರ ಅಡಿ ದೋಷ ನಿವಾರಣೆ ಅಥವಾ ಹಣ ವಾಪಸಾತಿ ಕೇಳಬೇಕು.

ನ್ಯಾಯಾಲಯಗಳ ಮನೋಭಾವ ಎರಡು ದಿಕ್ಕಿನಲ್ಲೂ ಹರಿದಿದೆ. ವಾರಂಟಿಯ ಹೊಣೆ ಕೆಟ್ಟ ಭಾಗವನ್ನು ಸರಿಪಡಿಸುವುದಕ್ಕೆ ಅಥವಾ ಬದಲಿಸುವುದಕ್ಕೆ ಸೀಮಿತ, ಇಡೀ ಕಾರನ್ನು ಬದಲಿಸುವುದಕ್ಕಲ್ಲ ಎಂದು 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2010ರಲ್ಲಿ ಫಿಯಟ್ ಇಂಡಿಯಾ ಪ್ರಕರಣದಲ್ಲಿ, ಸ್ವತಂತ್ರ ತಾಂತ್ರಿಕ ತಜ್ಞರು ಕಾರಿನಲ್ಲಿ ಮೂಲದಿಂದಲೇ ತಯಾರಿಕಾ ದೋಷವಿದೆ ಎಂದು ಹೇಳಿದರೆ ಕಾರಿನ ಬೆಲೆಯನ್ನು ಶೇ 12 ಬಡ್ಡಿಯೊಂದಿಗೆ ಹಿಂತಿರುಗಿಸಬೇಕೆಂದಿತು. ಇಡೀ ಪ್ರಕರಣ ತಜ್ಞರ ಒಂದು ವರದಿಯ ಮೇಲೆ ನಿಂತಿತು ಎಂಬುದನ್ನು ಗಮನಿಸಿ. 2022ರ ಹ್ಯುಂಡೈ ಏರ್‌ಬ್ಯಾಗ್ ಪ್ರಕರಣದಲ್ಲಿ ಮಾತ್ರ ಧ್ವನಿ ಬೇರೆಯಾಗಿತ್ತು. ಡಿಕ್ಕಿಯ ವೇಗ, ಬಲದ ಲೆಕ್ಕ ಹಾಕಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನಲ್ಲ ಎಂಬ ಅರ್ಥದ ಮಾತನ್ನು ನ್ಯಾಯಾಲಯ ಆಡಿತು. ಎಂಜಿನ್ ಕೆಟ್ಟವನ ಪಾಲಿಗೂ ಈ ಮಾತು ಸಲ್ಲಬೇಕು ಎಂಬುದು ನನ್ನ ಬಲವಾದ ನಂಬಿಕೆ. ಬೇರಿಂಗಿನ ಲೋಹಶಾಸ್ತ್ರ ಗೊತ್ತಿರುವುದು ಅದನ್ನು ಮಾಡಿದವರಿಗೆ, ಕಂತು ಕಟ್ಟಿದವರಿಗಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ, ಕೊಂಡ ಆರು ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತೆಂದು ಭಾವಿಸಿ, ಅಲ್ಲವೆಂದು ತೋರಿಸುವ ಭಾರವನ್ನು ಮಾರಿದವರ ಮೇಲೆ ಹೊರಿಸಲಾಗಿದೆ. ಇಂಥ ಸ್ಪಷ್ಟ ನಿಯಮ ನಮ್ಮ ಕಾಯ್ದೆಯಲ್ಲೂ ಇದ್ದಿದ್ದರೆ ಎಷ್ಟೋ ತಕರಾರುಗಳು ಹುಟ್ಟುತ್ತಲೇ ಇರಲಿಲ್ಲ.

ಒಬ್ಬೊಬ್ಬರೇ ಕೇಳಿದಾಗ 'ನಿಮ್ಮ ನಿರ್ವಹಣೆ ಸರಿಯಿಲ್ಲ' ಎನಿಸಿಕೊಳ್ಳುವ ದೋಷ, ಸಾವಿರಾರು ಜನರ ಲೆಕ್ಕ ಒಟ್ಟುಗೂಡಿದಾಗ ಕಾರ್ಖಾನೆಯ ದೋಷವಾಗಿ ಕಾಣುತ್ತದೆ. ಅಮೆರಿಕದಲ್ಲಿ ಹ್ಯುಂಡೈ ಕಂಪನಿ 2015ರಲ್ಲಿ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ಹಿಂದಕ್ಕೆ ಕರೆಸಿತು. ಥೀಟಾ ಹೆಸರಿನ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರು ಎಣ್ಣೆಯ ದಾರಿ ಕಟ್ಟಿ ಬೇರಿಂಗುಗಳು ಸುಡುತ್ತಿದ್ದವು. ಆಮೇಲೆ ಹಿಂಪಡೆತ ವಿಸ್ತಾರವಾಯಿತು, ಸಾಮೂಹಿಕ ದಾವೆಯ ರಾಜಿಯಲ್ಲಿ ಹಾಫ್ ಎಂಜಿನ್ನಿಗೆ ಜೀವಿತಾವಧಿ ವಾರಂಟಿ ಬಂದಿತು. 2020ರ ನವೆಂಬರಿನಲ್ಲಿ, ಹಿಂಪಡೆತವನ್ನು ಸಕಾಲಕ್ಕೆ ಮಾಡದ್ದಕ್ಕೆ ಹ್ಯುಂಡೈ ಮತ್ತು ಕಿಯಾ ಸೇರಿ 21 ಕೋಟಿ ಡಾಲರ್ ದಂಡದ ಒಪ್ಪಂದಕ್ಕೆ ಬಂದವು. ಯುರೋಪಿನಲ್ಲಿ ಪ್ಯೂಜೊ, ಸಿಟ್ರೋಯೆನ್ ಕಾರುಗಳ ತಯಾರಕ ಸ್ಟೆಲಾಂಟಿಸ್ ತನ್ನ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್ನಿಗೆ 2024ರಲ್ಲಿ 10 ವರ್ಷ ಅಥವಾ 1,75,000 ಕಿ.ಮೀ. ರಕ್ಷಣೆ ಕೊಟ್ಟಿತು. ಎಣ್ಣೆಯಲ್ಲಿ ಮುಳುಗಿರುವ ಅದರ ಟೈಮಿಂಗ್ ಬೆಲ್ಟ್ ಬೇಗ ಜೀರ್ಣವಾಗುತ್ತಿತ್ತು. ಈ ಎರಡೂ ಕಡೆ, ಮಾಲೀಕರು ಕೈಯಿಂದ ಹಾಕಿದ ಹಣದ ಬಿಲ್ಲು ಇಟ್ಟುಕೊಂಡಿದ್ದರೆ ಮರುಪಾವತಿ ಕೇಳುವ ದಾರಿ ತೆರೆಯಿತು. ಬಿಲ್ಲು ಎಸೆಯಬಾರದು ಎನ್ನುವುದು ಇದಕ್ಕೇ.

ಅಮೆರಿಕದಲ್ಲಿ ಇನ್ನೊಂದು ಅನುಕೂಲವಿದೆ. ತಯಾರಕರು ಡೀಲರುಗಳಿಗೆ ಕಳುಹಿಸುವ ತಾಂತ್ರಿಕ ಸುತ್ತೋಲೆಗಳನ್ನು ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತಕ್ಕೆ ಒಪ್ಪಿಸಬೇಕು, ಜನ ಅವನ್ನು ಓದಬಹುದು. ನಮ್ಮಲ್ಲಿ ಅವು ವರ್ಕ್‌ಶಾಪಿನ ಕಂಪ್ಯೂಟರಿನೊಳಗೇ ಉಳಿಯುತ್ತವೆ. ಕಂಪನಿಗೆ ದೋಷ ಮೊದಲೇ ಗೊತ್ತಿತ್ತೇ ಎಂಬ ಒಂದು ಸಂಗತಿ ಗೊತ್ತಾದರೆ ಅರ್ಧ ಜಗಳ ಮುಗಿಯುತ್ತದೆ. ಅದನ್ನು ತಿಳಿಯುವ ದಾರಿ ಗ್ರಾಹಕನಿಗಿಲ್ಲ. ನಮ್ಮ ಸರ್ಕಾರ ಮೊದಲು ಮಾಡಬೇಕಾದ ಕೆಲಸ ಇದು.

ಹಿಂಪಡೆತದ ಕಾನೂನು ನಮ್ಮಲ್ಲೂ ಬಂದಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ ಸೆಕ್ಷನ್ 110ಎ, ಪರಿಸರಕ್ಕೆ, ಚಾಲಕರಿಗೆ, ಪ್ರಯಾಣಿಕರಿಗೆ ಅಥವಾ ರಸ್ತೆಯ ಇತರರಿಗೆ ಹಾನಿ ಮಾಡಬಲ್ಲ ದೋಷವಿದ್ದರೆ ವಾಹನಗಳನ್ನು ವಾಪಸ್ ಕರೆಸಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. 2021ರ ಏಪ್ರಿಲಿನಿಂದ ನಿಯಮಗಳು ಜಾರಿಯಲ್ಲಿವೆ, ಏಳು ವರ್ಷಕ್ಕಿಂತ ಹಳೆಯದಲ್ಲದ ವಾಹನಗಳಿಗೆ ಅನ್ವಯಿಸುತ್ತವೆ. ಎಂಜಿನ್ ಕೆಟ್ಟದ್ದು ಬರೀ ಜೇಬಿನ ವಿಷಯವೆಂದು ಇದರಿಂದ ಹೊರಗಿಡುವುದು ಸುಲಭ. ಆದರೆ ನೂರು ಕಿ.ಮೀ. ವೇಗದಲ್ಲಿ ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ನೆರವು ತಗ್ಗುತ್ತದೆ, ಹಿಂದೆ ಲಾರಿ ಬರುತ್ತಿರುತ್ತದೆ. ಅದು ಸುರಕ್ಷತೆಯ ಪ್ರಶ್ನೆಯಲ್ಲದೆ ಬೇರೇನೂ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಹಿಂಪಡೆತ ಪೋರ್ಟಲಿನಲ್ಲಿ ನಿಮ್ಮ ದೂರನ್ನು ಹೀಗೇ ಬರೆದು ದಾಖಲಿಸಿ. ನಾಳೆ ಅದೇ ಎಂಜಿನ್ನಿನ ಇನ್ನೊಬ್ಬ ಮಾಲೀಕನಿಗೆ ಅದು ಬಲವಾಗುತ್ತದೆ.

ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿನ ಚರ್ಚೆ 2025ರಿಂದ ಜೋರಾಗಿರುವುದರಿಂದ, 'ಇಂಧನದಿಂದ ಹೀಗಾಗಿದೆ' ಎಂಬ ಉತ್ತರವೂ ಎದುರಾಗಬಹುದು. ಎಥೆನಾಲ್ ಕಾಡುವುದಾದರೆ ಹಳೆಯ ಕಾರುಗಳ ರಬ್ಬರ್ ಕೊಳವೆ, ಸೀಲು, ಇಂಧನ ಪಂಪುಗಳನ್ನು ಮೊದಲು ಕಾಡುತ್ತದೆ. ಒಂದೇ ಬೇರಿಂಗ್ ಸುಟ್ಟಿದ್ದಕ್ಕೆ ಇಂಧನವನ್ನು ದೂರಿದರೆ, ಯಾವ ಪರೀಕ್ಷೆಯಿಂದ ಹಾಗೆ ತಿಳಿಯಿತು ಎಂದು ಲಿಖಿತವಾಗಿ ಕೇಳಿ.

ಪತ್ರ ವ್ಯವಹಾರ ಫಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತನಾಡಬಹುದು. ಅದು ತೀರ್ಪು ಕೊಡುವ ಸಂಸ್ಥೆಯಲ್ಲ, ಆದರೆ ದೂರು ಕಂಪನಿಯ ಬೇರೊಂದು ಮೇಜಿಗೆ ತಲುಪುತ್ತದೆ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಚೆನ್ನೈಯಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಸನದವರು ಹಾಸನದಲ್ಲೇ ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ, 10ರಿಂದ 20 ಲಕ್ಷದ ಕಾರಿಗೆ 400 ರೂಪಾಯಿ. ಬಾಡಿಗೆಗೆ ಓಡಿಸುವ ಕಾರಾದರೂ, ಹೊಟ್ಟೆಪಾಡಿಗೆ ಸ್ವಂತ ಉದ್ಯೋಗವಾಗಿ ಓಡಿಸುವವರನ್ನು ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಟ್ಯಾಕ್ಸಿ ಚಾಲಕರು ತಮಗೆ ಈ ಬಾಗಿಲು ಮುಚ್ಚಿದೆ ಎಂದುಕೊಳ್ಳಬೇಕಾಗಿಲ್ಲ. ಎಂಜಿನ್ನನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಿ ಎಂದು ಮೊದಲ ಅರ್ಜಿಯಲ್ಲೇ ಕೇಳಬೇಕು. ಹಾಗೆ ಕಳುಹಿಸಲು ಸೆಕ್ಷನ್ 38 ಅವಕಾಶ ಕೊಡುತ್ತದೆ. ಪರೀಕ್ಷೆ ಬೇಕಾದ ಪ್ರಕರಣವನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ, ಹೆಚ್ಚು ಕಾಲ ಕಾಯಲು ಮನಸ್ಸು ಸಿದ್ಧವಿರಲಿ. ದೂರು ಕೊಡಲು ಇರುವ ಗಡುವು ಎರಡು ವರ್ಷ. ಅದನ್ನು ಎಂಜಿನ್ ನಿಂತ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. 'ಪರಿಶೀಲನೆಯಲ್ಲಿದೆ' ಎಂಬ ಇಮೇಲುಗಳು ಬರುತ್ತಿವೆ ಎಂಬ ಕಾರಣಕ್ಕೆ ಆ ಗಡುವು ಮುಂದಕ್ಕೆ ಹೋಗುವುದಿಲ್ಲ.

ನಮ್ಮ ವಿಷಯ ಆಯೋಗದವರೆಗೆ ಹೋಗಲಿಲ್ಲ. ಐದನೆಯ ವಾರ ಕಂಪನಿಯ ವಲಯ ಅಧಿಕಾರಿ ಬಂದು ಚಿಪ್ಪುಗಳನ್ನು ತಾನೇ ಕೈಯಲ್ಲಿ ಹಿಡಿದು ನೋಡಿದರು. ಏಳನೆಯ ವಾರ, ಬಿಡಿಭಾಗಗಳ 1,52,000 ರೂಪಾಯಿಯಲ್ಲಿ ಶೇ 60ರಷ್ಟನ್ನು ಕಂಪನಿ ಭರಿಸುವುದೆಂಬ ಪತ್ರ ಬಂದಿತು. ಜೊತೆಗೆ ಸಹಿಗಾಗಿ ಒಂದು ಹಾಳೆಯಿತ್ತು, ಇದು ಅಂತಿಮ ಇತ್ಯರ್ಥ, ಮುಂದೆ ಯಾವುದೇ ಹಕ್ಕು ಕೇಳುವುದಿಲ್ಲ ಎಂದು. ಹಾಕುವ ಹೊಸ ಭಾಗಗಳಿಗೆ ಮತ್ತು ಕೆಲಸಕ್ಕೆ ಎಷ್ಟು ಅವಧಿಯ ವಾರಂಟಿ ಎಂಬುದನ್ನು ಅದೇ ಹಾಳೆಯಲ್ಲಿ ಬರೆದುಕೊಡದೆ ಸಹಿ ಹಾಕುವುದಿಲ್ಲ ಎಂದೆ. ಎರಡು ದಿನ ತಡವಾಗಿ, ಒಂದು ವರ್ಷ ಎಂದು ಬರೆದು ಮುದ್ರೆ ಒತ್ತಿ ಕಳುಹಿಸಿದರು. ನಾವು ಕೈಯಿಂದ ಕೊಟ್ಟದ್ದು 1,18,800 ರೂಪಾಯಿ. ಕಾರಣವನ್ನು ಮಾತ್ರ ಅವರು ಕೊನೆಗೂ ಬರೆದುಕೊಡಲಿಲ್ಲ. ಸುಟ್ಟ ಚಿಪ್ಪನ್ನು ರಸೀತಿ ಕೊಟ್ಟು ಅವರೇ ಒಯ್ದರು. ನುಣ್ಣಗಿದ್ದ ಅದರ ಪಕ್ಕದ ಚಿಪ್ಪು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಕೊಂಡು, ಆ ರಸೀತಿಯ ಜೊತೆ, ನಮ್ಮ ಮನೆಯ ಬೀರುವಿನಲ್ಲಿದೆ.